ಒಂದು ನಾಲೆ, ಎರಡು ಊರು

1954ನೆಯ ಇಸವಿಯಲ್ಲಿ ಅರ್ಥಶಾಸ್ತ್ರದ ಪ್ರಪಂಚದಲ್ಲಿ ಮೂರು ಸಂಗತಿಗಳು ನಡೆದವು. ಅವುಗಳಲ್ಲಿ ಎರಡನ್ನು ಆ ಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಬಲ್ಲರು. ಮೂರನೆಯದು ನಮ್ಮ ಹಿತ್ತಿಲಿನಲ್ಲಿಯೇ ನಡೆದದ್ದರಿಂದಲೋ ಏನೋ, ನಮ್ಮಲ್ಲಿ ಹೆಚ್ಚು ಮಂದಿಗೆ ಅದರ ಪರಿಚಯವಿಲ್ಲ.

ಆ ವರ್ಷದ ಮೇ ತಿಂಗಳಿನಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಆರ್ಥರ್ ಲೂಯಿಸ್ ಒಂದು ಪ್ರಬಂಧವನ್ನು ಪ್ರಕಟಿಸಿದರು. ಬಡ ದೇಶಗಳಲ್ಲಿ ಹೊಲವನ್ನು ನಂಬಿಕೊಂಡು ಬೇಕಾದುದಕ್ಕಿಂತ ಹೆಚ್ಚು ಜನ ಕುಳಿತಿರುತ್ತಾರೆ. ಇದ್ದದ್ದನ್ನು ಹಂಚಿಕೊಂಡು ಉಣ್ಣುವ ಇವರನ್ನು ಕಾರ್ಖಾನೆಗಳು ಅಲ್ಪ ಕೂಲಿಗೆ ಸೆಳೆದುಕೊಳ್ಳಬಲ್ಲವು. ಹೀಗೆ ಬಂದ ಲಾಭ ಮತ್ತೆ ಬಂಡವಾಳವಾಗಿ ದೇಶ ಮುಂದುವರಿಯುತ್ತದೆ. ಆದರೆ ಆ ಹೆಚ್ಚುವರಿ ಜನವೆಲ್ಲ ತೀರುವ ತನಕ ಕೂಲಿಯವನ ಕೂಲಿ ಏರುವುದಿಲ್ಲ. ಇದು ಲೂಯಿಸರ ವಾದದ ತಿರುಳು. ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ ಎಂಬ ಪುಟ್ಟ ದ್ವೀಪದಲ್ಲಿ ಹುಟ್ಟಿದ ಅವರಿಗೆ 1979ರಲ್ಲಿ ನೊಬೆಲ್ ಪಾರಿತೋಷಕ ಬಂತು. ಅದೇ 1954ರ ಡಿಸೆಂಬರಿನಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಸೈಮನ್ ಕುಜ್ನೆಟ್ಸ್ ಅಧ್ಯಕ್ಷ ಭಾಷಣ ಮಾಡಿದರು. ದೇಶವೊಂದು ಬೆಳೆಯತೊಡಗಿದಾಗ ಮೊದಮೊದಲು ಉಳ್ಳವರಿಗೂ ಇಲ್ಲದವರಿಗೂ ನಡುವಣ ಅಂತರ ಹಿಗ್ಗುತ್ತದೆ, ಆಮೇಲೆ ತಾನಾಗಿ ಕುಗ್ಗುತ್ತದೆ ಎಂಬ ಊಹೆಯನ್ನು ಅವರು ಅಲ್ಲಿ ಮುಂದಿಟ್ಟರು. ತಮ್ಮ ಮಾತಿನಲ್ಲಿ ನೂರಕ್ಕೆ ಐದು ಪಾಲು ಮಾತ್ರ ಸಾಮಗ್ರಿ, ಉಳಿದ ತೊಂಬತ್ತೈದು ಪಾಲು ಊಹೆ, ಅದರಲ್ಲಿಯೂ ಒಂದಷ್ಟು ಬರಿಯ ಹಂಬಲವಿರಬಹುದು ಎಂದು ಅವರೇ ಎಚ್ಚರಿಸಿದರು. ಆದರೆ ಪ್ರಪಂಚ ಆ ಎಚ್ಚರಿಕೆಯನ್ನು ಮರೆತು ಊಹೆಯನ್ನು ಮಾತ್ರ ನೆನಪಿಟ್ಟುಕೊಂಡಿತು. ಮುಂದಿನ ಮೂವತ್ತು ವರ್ಷ ಎಷ್ಟೋ ಸರ್ಕಾರಗಳಿಗೆ ಅದು ಒಂದು ಸಮಾಧಾನದ ಮಾತಾಯಿತು. ಈಗ ಸ್ವಲ್ಪ ತಾಳಿಕೊಳ್ಳಿ, ಮುಂದೆ ಎಲ್ಲ ಸರಿಹೋಗುತ್ತದೆ!

ಮೂರನೆಯ ಸಂಗತಿ ಇದು. ಲೂಯಿಸರು ಪಾಠ ಹೇಳುತ್ತಿದ್ದ ಅದೇ ಮ್ಯಾಂಚೆಸ್ಟರಿನಿಂದ ಹೊರಟ ಒಬ್ಬ ತರುಣಿ 1954ರಲ್ಲಿ ಮಂಡ್ಯದ ಸೀಮೆಗೆ ಬಂದಳು. ಸ್ಕಾರ್ಲೆಟ್ ಎಪ್‌ಸ್ಟೈನ್ ಆಕೆಯ ಹೆಸರು. 1922ರಲ್ಲಿ ವಿಯೆನ್ನಾದ ಯೆಹೂದಿ ಮನೆತನದಲ್ಲಿ ಹುಟ್ಟಿ, 1938ರಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯವನ್ನು ನುಂಗಿದಾಗ ಊರು ಬಿಟ್ಟು ಓಡಿ, ಇಂಗ್ಲೆಂಡಿನಲ್ಲಿ ಕಾರ್ಖಾನೆಯ ಕೆಲಸ ಮಾಡಿಕೊಂಡು ಓದಿದವರು. ಅರ್ಥಶಾಸ್ತ್ರವನ್ನು ಕಲಿತು ಮಾನವಶಾಸ್ತ್ರಕ್ಕೆ ಬಂದವರು. ಲೂಯಿಸ್, ಕುಜ್ನೆಟ್ಸರು ದೇಶದೇಶಗಳನ್ನು ಎದುರಿಗಿಟ್ಟುಕೊಂಡು ಕೇಳಿದ ಪ್ರಶ್ನೆಯನ್ನು ಈಕೆ ಎರಡು ಹಳ್ಳಿಗಳಲ್ಲಿ, ಒಂದೊಂದರಲ್ಲಿಯೂ ಹೆಚ್ಚುಕಡಮೆ ಒಂದು ವರ್ಷ ನಿಂತು, ಮನೆಮನೆಯ ಲೆಕ್ಕ ಬರೆದುಕೊಂಡು ಕೇಳಿದರು. ಅದರ ಫಲವಾದ ಪುಸ್ತಕ 1962ರಲ್ಲಿ ಹೊರಬಂತು. ಅದರಲ್ಲಿ ಊರುಗಳಿಗೆ ವಂಗಲ, ದಾಲೇನ ಎಂಬ ಕಲ್ಪಿತ ಹೆಸರುಗಳನ್ನು ಕೊಟ್ಟಿದ್ದಾರೆ. ಮಂಡ್ಯ ಜಿಲ್ಲೆಯ ನಕಾಶೆಯಲ್ಲಿ ಅವನ್ನು ಹುಡುಕುವ ಶ್ರಮ ಬೇಡ.

ಊರುಗಳ ಮಾತಿಗೆ ಮುನ್ನ ನೀರಿನ ಮಾತು. ಕನ್ನಂಬಾಡಿಯ ಕಟ್ಟೆಯ ಕೆಲಸ 1911ರಲ್ಲಿ ಮೊದಲಾಯಿತೆಂಬುದೂ, ಅದರ ಹಿಂದೆ ವಿಶ್ವೇಶ್ವರಯ್ಯನವರ ಛಲವಿತ್ತೆಂಬುದೂ ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಮುಂಗಾರಿನಲ್ಲಿ ಕಟ್ಟೆ 124.80 ಅಡಿ ಮುಟ್ಟಿತೇ ಇಲ್ಲವೇ ಎಂದು ಪತ್ರಿಕೆ ಬಿಡಿಸಿ ನೋಡುವುದು ನಮ್ಮಲ್ಲಿ ಒಂದು ನಿತ್ಯಕರ್ಮ. ಆದರೆ ಕಟ್ಟೆಯೊಂದರಿಂದ ಬೆಳೆ ಬರುವುದಿಲ್ಲವಷ್ಟೆ. ನೀರನ್ನು ಮಂಡ್ಯದ ಬೆದ್ದಲಿಗೆ ಮುಟ್ಟಿಸಬೇಕಾದರೆ ನಡುವೆ ದಿಣ್ಣೆಗಳು ಅಡ್ಡ. ಹುಳಿಕೆರೆಯ ಬಳಿ ಬಂಡೆಯನ್ನು ಕೊರೆದು ಸುಮಾರು ಒಂದೂಮುಕ್ಕಾಲು ಮೈಲಿ ಉದ್ದದ ಸುರಂಗ ಮಾಡಿ ನಾಲೆಯನ್ನು ಸಾಗಿಸಿದರು. ವೈಸ್‌ರಾಯ್ ಇರ್ವಿನ್ನರ ಹೆಸರನ್ನು ಹೊತ್ತು ಹುಟ್ಟಿದ ಈ ನಾಲೆ ಮುಂದೆ ವಿಶ್ವೇಶ್ವರಯ್ಯ ನಾಲೆಯಾಯಿತು. ಒಂದು ಭಾಗ ಭತ್ತ, ಒಂದು ಭಾಗ ಕಬ್ಬು, ಒಂದು ಭಾಗ ಅರೆ ನೀರಾವರಿಯ ಬೆಳೆ ಎಂದು ಭೂಮಿಯನ್ನು ವಿಂಗಡಿಸಿ ನೀರು ಬಿಡುವ ಬ್ಲಾಕ್ ಪದ್ಧತಿಯೂ ವಿಶ್ವೇಶ್ವರಯ್ಯನವರದೇ. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಕಬ್ಬಿನ ಬೆನ್ನಿಗೆ ನಿಂತರು, ವಿ.ಸಿ. ಫಾರಂ ಆಯಿತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಿ ಮಂಡ್ಯದಲ್ಲಿ ಕಾರ್ಖಾನೆಯ ಚಿಮಣಿ ಎದ್ದಿತು. 1939ರಲ್ಲಿ ಮಂಡ್ಯ ತಾನೇ ಒಂದು ಜಿಲ್ಲೆಯಾಯಿತು. ರಾಗಿ, ಹುರುಳಿ, ಹುಚ್ಚೆಳ್ಳು ಬೆಳೆದು ಮಳೆಯ ಮುಖ ನೋಡುತ್ತಿದ್ದ ಸೀಮೆ ಹತ್ತೇ ವರ್ಷಗಳಲ್ಲಿ ಗುರುತು ಸಿಕ್ಕದಷ್ಟು ಬದಲಾಯಿತು. ನೀರು ಬಂದ ಹೊಸದರಲ್ಲಿ, 1930ರ ದಶಕದ ಆದಿಯಲ್ಲಿ, ಅದಕ್ಕಾಗಿ ಸರ್ಕಾರ ಕೇಳಿದ ಹಣವನ್ನು ಕೊಡಲೊಲ್ಲದೆ ರೈತರು ಚಳವಳಿ ಹೂಡಿದ್ದರೆಂಬುದನ್ನು ಇಂದು ಯಾರೂ ಹೆಚ್ಚಾಗಿ ನೆನೆಯುವುದಿಲ್ಲ. ನೀರು ವರವೆಂಬುದು ಆಗ ಎಲ್ಲರಿಗೂ ಸ್ಪಷ್ಟವಾಗಿರಲಿಲ್ಲ.

ನೀರಿಗೆ ಒಂದು ಗುಣವುಂಟು. ಅದಕ್ಕೆ ಜಾತಿ ತಿಳಿಯದು, ಮಟ್ಟ ಮಾತ್ರ ತಿಳಿಯುತ್ತದೆ. ವಂಗಲದ ಜಮೀನು ನಾಲೆಯ ಮಟ್ಟಕ್ಕಿಂತ ಕೆಳಗಿತ್ತು, ನೀರು ಹರಿಯಿತು. ದಾಲೇನದ ಜಮೀನು ಎತ್ತರದಲ್ಲಿತ್ತು. ಸುತ್ತಲ ಊರುಗಳು ಹಸಿರಾದರೂ ಅದು ಬೆದ್ದಲಾಗಿಯೇ ಉಳಿಯಿತು. ಭಾಷೆ ಒಂದೇ, ಒಕ್ಕಲಿಗರ ಪ್ರಾಬಲ್ಯ ಎರಡೂ ಕಡೆ, ಊರ ಹೊರಗೆ ಆದಿಕರ್ನಾಟಕರ ಕೇರಿ ಎರಡೂ ಕಡೆ, ದೇವರು ದಿಂಡರು ಒಂದೇ ಬಗೆ. ಬೇರೆ ಇದ್ದದ್ದು ಕೆಲವು ಅಡಿಗಳ ಎತ್ತರ ಮಾತ್ರ. ಪ್ರಯೋಗಶಾಲೆಯಿಲ್ಲದ ಅರ್ಥಶಾಸ್ತ್ರಕ್ಕೆ ಇಂಥ ಪ್ರಯೋಗವನ್ನು ಯಾವ ವಿಜ್ಞಾನಿಯೂ ಏರ್ಪಡಿಸಿಕೊಡಲಾರ.

ಈಗ ಕೇಳುಗರನ್ನು ಒಂದು ಪ್ರಶ್ನೆ ಕೇಳುತ್ತೇನೆ. ಇವೆರಡರಲ್ಲಿ ಯಾವ ಊರಿನಲ್ಲಿ ಸಮಾಜ ಹೆಚ್ಚು ಬದಲಾಗಿರಬೇಕು? ಹಣ ಬಂದ ಕಡೆ, ಹೊಸ ಬೆಳೆ ಬಂದ ಕಡೆ, ಕಾರ್ಖಾನೆಯೊಡನೆ ಕರಾರು ಬಂದ ಕಡೆ ಹಳೆಯದು ಸಡಿಲಬೇಕು ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಆಕೆ ಕಂಡದ್ದು ಅದಕ್ಕೆ ತೀರ ವಿರುದ್ಧವಾದದ್ದು. ನೀರು ಕಂಡ ವಂಗಲದಲ್ಲಿ ಹಳೆಯ ಕಟ್ಟು ಇನ್ನೂ ಬಿಗಿಯಾಗಿತ್ತು. ನೀರು ಕಾಣದ ದಾಲೇನದಲ್ಲಿ ಅದು ಸಡಿಲಿ ಬಿದ್ದಿತ್ತು.

ಈ ಕಟ್ಟೆಂದರೇನು ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಒಕ್ಕಲಿಗರ ಒಂದೊಂದು ಮನೆತನಕ್ಕೂ ಆದಿಕರ್ನಾಟಕರ ಒಂದೊಂದು ಮನೆತನ ಸೇರಿರುತ್ತಿತ್ತು. ಅವನನ್ನು ಹಳೆಮಗ ಎನ್ನುತ್ತಿದ್ದರು. ಇದು ಜೀತವಲ್ಲ. ಜೀತ ಸಾಲದಿಂದ ಹುಟ್ಟಿದ್ದು, ಕರಾರಿನದು. ಹಳೆಮಗತನ ತಾತನಿಂದ ಮೊಮ್ಮಗನಿಗೆ ಬರುವಂಥದು. ಉಳುಮೆಯಿಂದ ಒಕ್ಕಣೆಯವರೆಗೆ ಅವನು ದುಡಿಯಬೇಕು, ಒಡೆಯನ ಮನೆಯ ಮದುವೆ ಸಾವುಗಳಲ್ಲಿ ಗೊತ್ತಾದ ಕೆಲಸ ಮಾಡಬೇಕು. ಪ್ರತಿಯಾಗಿ ಸುಗ್ಗಿಯಲ್ಲಿ ಕಣದಿಂದ ಇಂತಿಷ್ಟು ರಾಗಿ, ಇಂತಿಷ್ಟು ಹುಲ್ಲು. ಕಮ್ಮಾರ, ಅಗಸ, ಕ್ಷೌರಿಕರಿಗೂ ಹೀಗೆಯೇ ವರ್ಷಕ್ಕೊಮ್ಮೆ ಆಯ. ನನ್ನ ತಾಯಿಯ ತವರು ನಾಗಮಂಗಲದ ಕಡೆಯ ಬೆದ್ದಲು ಸೀಮೆ. ಅಲ್ಲಿ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎನ್ನುತ್ತಿದ್ದುದನ್ನು ನಾನು ಹುಡುಗನಾಗಿ ಕೇಳಿದ್ದೇನೆ. ಆಯದವರೆಲ್ಲ ಕಣದ ಅಂಚಿನಲ್ಲಿ ಗೋಣಿ ಹಿಡಿದು ನಿಂತಿರುತ್ತಿದ್ದರು. ಬೇಡಲು ನಿಂತವರಂತೆಯೂ ಅವರು ತೋರುತ್ತಿರಲಿಲ್ಲ, ಹಕ್ಕು ಕೇಳಲು ನಿಂತವರಂತೆಯೂ ತೋರುತ್ತಿರಲಿಲ್ಲ.

ಈ ಅಳತೆಯ ಒಳಗುಟ್ಟನ್ನು ಎಪ್‌ಸ್ಟೈನ್ 1967ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಬಿಡಿಸಿ ತೋರಿಸಿದರು. ಅವರ ಬರಹಗಳಲ್ಲೆಲ್ಲ ನನಗೆ ಇದೇ ಹೆಚ್ಚು ಬೆಲೆಯುಳ್ಳದ್ದೆಂದು ತೋರುತ್ತದೆ. ಅವರ ಮಾತನ್ನು ನಮ್ಮ ಅಳತೆಗೆ ತಂದು ಹೇಳುತ್ತೇನೆ; ಅಂಕಿಗಳು ತಿಳಿವಿಗಾಗಿ ನಾನು ಮಾಡಿಕೊಂಡವು. ಒಬ್ಬ ಒಡೆಯ, ಇಬ್ಬರು ಹಳೆಮಕ್ಕಳು, ಒಟ್ಟು ಮೂರು ಸಂಸಾರ ಎಂದಿಟ್ಟುಕೊಳ್ಳಿ. ಮಳೆ ಕೈಕೊಟ್ಟ ವರ್ಷ ಕಣಕ್ಕೆ ಬಂದದ್ದು ಮೂವತ್ತು ಖಂಡುಗ. ಹಳೆಮಗನ ಪಾಲು ಹತ್ತು ಖಂಡುಗವೆಂದು ರೂಢಿಯಿದೆ. ಇಬ್ಬರಿಗೆ ಇಪ್ಪತ್ತು ಹೋಯಿತು, ಒಡೆಯನಿಗೂ ಉಳಿದದ್ದು ಹತ್ತೇ. ಆ ವರ್ಷ ಮೂರು ಮನೆಯ ಗಡಿಗೆಯೂ ಒಂದೇ ಸಮ. ಮಳೆ ಚೆನ್ನಾಗಿ ಆದ ವರ್ಷ ಅರವತ್ತು ಖಂಡುಗ ಬಂತು. ಹಳೆಮಗನ ಪಾಲು ಆಗಲೂ ಹತ್ತೇ. ಒಡೆಯನಿಗೆ ನಲವತ್ತು. ಎಂದರೆ, ಕೆಟ್ಟ ವರ್ಷದ ಸರಾಸರಿಯೇ ಎಲ್ಲ ವರ್ಷಕ್ಕೂ ಆಳಿನ ಪಾಲು. ಬರದಲ್ಲಿ ಅವನು ಸಾಯುವುದಿಲ್ಲ, ಸುಭಿಕ್ಷದಲ್ಲಿ ಅವನು ಬೆಳೆಯುವುದಿಲ್ಲ. ಒಂದು ವರ್ಷದ ಸಮಾನತೆಗೆ ಹಲವು ವರ್ಷಗಳ ಅಸಮಾನತೆಯನ್ನು ಅವನು ಬೆಲೆಯಾಗಿ ತೆರುತ್ತಾನೆ. ಲೂಯಿಸರು ದೂರದಿಂದ, ಹಂಚಿಕೊಂಡು ಉಣ್ಣುವ ಸರಾಸರಿಯೇ ಕೂಲಿಯ ಮಟ್ಟವನ್ನು ಗೊತ್ತುಮಾಡುತ್ತದೆ ಎಂದಿದ್ದರು. ಯಾವ ವರ್ಷದ ಸರಾಸರಿ ಎಂಬ ಪ್ರಶ್ನೆ ಕಣದ ಅಂಚಿನಲ್ಲಿ ನಿಂತವರಿಗೆ ಮಾತ್ರ ಹೊಳೆಯತಕ್ಕದ್ದು.

ಒಪ್ಪಿಕೊಂಡೂ ನನ್ನದೊಂದು ತಕರಾರಿದೆ. ಈ ಲೆಕ್ಕವನ್ನು ಹೀಗೆ ಹೇಳಿದಾಗ ಏರ್ಪಾಡು ತುಸು ಸಾತ್ತ್ವಿಕವಾಗಿ, ಇಬ್ಬರೂ ಕುಳಿತು ಮಾಡಿಕೊಂಡ ಒಪ್ಪಂದದಂತೆ ತೋರುತ್ತದೆ. ಹಳೆಮಗ ಒಪ್ಪಂದಕ್ಕೆ ಕುಳಿತವನಲ್ಲ, ಒಡೆಯನ ಜಗಲಿಯ ಮೇಲೆ ಕೂರುವ ಅಧಿಕಾರವೇ ಅವನಿಗಿರಲಿಲ್ಲ. ಆದರೂ ಬರದ ವರ್ಷ ಮನೆಯಲ್ಲಿ ಕಾಳಿಲ್ಲದವನಿಗೆ ಆ ಹತ್ತು ಖಂಡುಗ ಏನಾಗಿತ್ತೆಂಬುದನ್ನು ಪಟ್ಟಣದಲ್ಲಿ ತಿಂಗಳ ಸಂಬಳ ಎಣಿಸುವ ನಾನು ಹಗುರವಾಗಿ ಕಾಣಲಾರೆ. ಕಟ್ಟಿಹಾಕಿದ ಹಗ್ಗವೂ ಅದೇ, ಬಾವಿಗೆ ಬಿದ್ದವನನ್ನು ಎತ್ತುವ ಹಗ್ಗವೂ ಅದೇ ಎಂಬಂಥ ಸ್ಥಿತಿ.

ಈಗ ನಾಲೆಯನ್ನು ತನ್ನಿ. ನಾಲೆ ವಂಗಲಕ್ಕೆ ಏನು ಕೊಟ್ಟಿತು? ಕೆಟ್ಟ ವರ್ಷವನ್ನೇ ಇಲ್ಲವಾಗಿಸಿತು. ಕೆಟ್ಟ ವರ್ಷ ಹೋದೊಡನೆ ಒಡೆಯನ ಗಡಿಗೆಯೂ ಆಳಿನ ಗಡಿಗೆಯೂ ಸಮನಾಗುತ್ತಿದ್ದ ಆ ಒಂದು ವರ್ಷವೂ ಹೋಯಿತು. ಇನ್ನು ಪ್ರತಿ ವರ್ಷವೂ ಅರವತ್ತು, ಎಂಬತ್ತು, ನೂರು. ಆಳಿನದು ಹತ್ತು. ಈ ಕೊನೆಯ ಮಾತನ್ನು ಎಪ್‌ಸ್ಟೈನ್ ಇಷ್ಟು ಬಿಡಿಸಿ ಹೇಳಿಲ್ಲ, ಅವರ ಲೆಕ್ಕದಿಂದ ನಾನು ಎಳೆದುಕೊಂಡದ್ದು. ಬರದ ಭಯವನ್ನು ನೀಗಿದ ನೀರೇ ಅಂತರವನ್ನು ನಿತ್ಯವಾಗಿಸಿತು. ಯಾರೊಬ್ಬರೂ ಹೊಸದಾಗಿ ಅನ್ಯಾಯ ಮಾಡಬೇಕಾಗಿರಲಿಲ್ಲ, ಹಳೆಯ ರೂಢಿಯನ್ನು ಇದ್ದ ಹಾಗೆ ನಡೆಸಿಕೊಂಡು ಬಂದರೆ ಸಾಕಾಗಿತ್ತು.

ವಂಗಲದ ಒಕ್ಕಲಿಗರನ್ನು ಹೊಸದನ್ನು ಒಲ್ಲದ ಜನವೆಂದು ತಿಳಿಯಬಾರದು. ಕಬ್ಬು ಅವರಿಗೆ ಹೊಸ ಬೆಳೆ. ಕಾರ್ಖಾನೆ ಕರಾರು ಬರೆಸಿಕೊಂಡಿತು, ಗೊಬ್ಬರಕ್ಕೆ ಮುಂಗಡ ಕೊಟ್ಟಿತು, ಮೇಲ್ವಿಚಾರಣೆಗೆ ತನ್ನವರನ್ನು ಕಳುಹಿಸಿತು. ರಾಗಿ ಬಿತ್ತುತ್ತಿದ್ದ ಕೈಗಳು ಕೆಲವೇ ವರ್ಷಗಳಲ್ಲಿ ನುರಿತ ಕಬ್ಬುಗಾರರ ಕೈಗಳಾದವು. ಆದರೆ ಇದೇ ರೈತರು, 1953ರಿಂದ ದೇಶದಲ್ಲೆಲ್ಲ ಸರ್ಕಾರ ಡಂಗುರ ಹೊಡೆಸುತ್ತಿದ್ದ ಜಪಾನೀ ಪದ್ಧತಿಯ ಭತ್ತದ ಬೇಸಾಯವನ್ನು ಬೇಡವೆಂದರು. ಸಾಲಿನಲ್ಲಿ ನಾಟಿ ಮಾಡಿ, ಕಳೆ ತೆಗೆದು, ಹೆಚ್ಚು ಗೊಬ್ಬರ ಹಾಕಿದರೆ ಹೆಚ್ಚು ಬೆಳೆಯುತ್ತದೆ ಎಂಬುದನ್ನು ಅವರೇನೂ ಅಲ್ಲಗಳೆಯಲಿಲ್ಲ. ಹಾಗಾದರೆ ಏಕೆ? ಅಧಿಕಾರಿಗಳು ಇದಕ್ಕೆ ರೈತನ ಮೌಢ್ಯವೆಂದು ಹೆಸರಿಟ್ಟು ಕಡತ ಮುಚ್ಚಿರಬೇಕು. ಎಪ್‌ಸ್ಟೈನ್ ಅವರ ವಿವರಣೆಯ ತಿರುಳು ಬೇರೆ. ಕಬ್ಬಿಗೆ ಹಿಂದಿನ ರೂಢಿಯಿಲ್ಲ, ಅದರ ಕೂಲಿ ರೊಕ್ಕದ ಕೂಲಿ, ಹೊಸದಾಗಿ ಗೊತ್ತುಮಾಡಿಕೊಂಡದ್ದು. ಭತ್ತಕ್ಕಾದರೋ ನಾಟಿಯ ಹೆಂಗಸರ ಗುಂಪಿನಿಂದ ಹಿಡಿದು ಕಣದ ಪಾಲಿನವರೆಗೆ ಎಲ್ಲಕ್ಕೂ ಮೊದಲೇ ಕಟ್ಟಳೆಯಿದೆ. ಅಲ್ಲಿ ಹೆಚ್ಚಿನ ದುಡಿಮೆ ಕೇಳಬೇಕಾದರೆ ಕಟ್ಟಳೆಯನ್ನೇ ಮುಟ್ಟಬೇಕು, ಮುಟ್ಟಿದರೆ ಊರಿನಲ್ಲಿ ಯಾರು ಯಾರಿಗೆ ಏನು ಎಂಬ ಪ್ರಶ್ನೆಯೆಲ್ಲ ಮೇಲೆದ್ದು ಬರುತ್ತದೆ. ಹೊಸದು ಹೊಸದಾಗಿಯೇ ಬಂದರೆ ಹಳ್ಳಿ ಬಾಗಿಲು ತೆರೆಯಿತು. ಹಳೆಯದರ ಒಳಗೆ ಸೇರಿಕೊಂಡು ಬರಲು ನೋಡಿದಾಗ ಅಗಣಿ ಹಾಕಿಕೊಂಡಿತು. ಇಂದಿಗೂ ಕೃಷಿ ಮೇಳಗಳ ಭಾಷಣಗಳನ್ನು ಕೇಳುವಾಗ ನನಗೆ ಈ ಭತ್ತದ ನೆನಪಾಗುತ್ತದೆ.

ಕಟ್ಟು ಬಿಗಿಯಾಗಿದ್ದುದಕ್ಕೆ ಆ ಪುಸ್ತಕದಲ್ಲಿಯೇ ಒಂದು ನಿದರ್ಶನವಿದೆ. ವಂಗಲದ ಆದಿಕರ್ನಾಟಕರು ಒಂದು ನಾಟಕವಾಡಲು ಹೊರಟರು, ಅದು ಊರಿನಲ್ಲಿ ದೊಡ್ಡ ಜಗಳಕ್ಕೆ ಕಾರಣವಾಯಿತು. ನಮ್ಮ ಹಳ್ಳಿಯ ನಾಟಕಗಳನ್ನು ಬಲ್ಲವರಿಗೆ ಇದರ ಸೂಕ್ಷ್ಮವನ್ನು ವಿವರಿಸಬೇಕಾಗಿಲ್ಲ. ರಾಜನ ವೇಷ ಹಾಕಿದವನು ಸಿಂಹಾಸನದ ಮೇಲೆ ಕುಳಿತುಕೊಳ್ಳಲೇಬೇಕು, ನೋಡಲು ಬಂದವರು ನೆಲದ ಮೇಲೆ. ಒಕ್ಕಲಿಗರು ಕೆಲಸ ಕೊಡುವುದನ್ನು ನಿಲ್ಲಿಸಿ ಉತ್ತರ ಹೇಳಿದರು. ಹೊಲವಿಲ್ಲದವನು ಎಷ್ಟು ದಿನ ಹಟ ಹಿಡಿದಾನು? ನೀರು ಬಂದು ಕೆಲಸವೆಲ್ಲ ಊರೊಳಗೇ ಸಿಕ್ಕುವಂತಾದದ್ದರ ಇನ್ನೊಂದು ಮುಖವಿದು. ಕೆಲಸ ಊರೊಳಗೇ ಇದ್ದರೆ ಕೆಲಸ ತಪ್ಪಿಸುವ ಶಕ್ತಿಯೂ ಊರೊಳಗೇ ಇರುತ್ತದೆ.

ದಾಲೇನದ ಕಥೆ ಬೇರೆ. ಅಲ್ಲಿನವರು ಸುಮ್ಮನೆ ಕುಳಿತು ನೆರೆಯೂರಿನ ಹಸಿರನ್ನು ನೋಡಲಿಲ್ಲ. ಉಳ್ಳವರು ಪಕ್ಕದ ಊರುಗಳಲ್ಲಿ ತರಿ ಜಮೀನು ಕೊಂಡರು. ಗಾಡಿ ಎತ್ತು ಇದ್ದವರು ಕಾರ್ಖಾನೆಗೆ ಕಬ್ಬು ಹೊಡೆದರು. ಮಂಡ್ಯದಲ್ಲಿ, ಕಾರ್ಖಾನೆಯಲ್ಲಿ, ನಾಲೆಯ ಇಲಾಖೆಯಲ್ಲಿ ಚಾಕರಿ ಹಿಡಿದವರುಂಟು. ಹಿಟ್ಟಿನ ಗಿರಣಿ ಹಾಕಿದವರುಂಟು, ಕಾಫಿ ಹೋಟೆಲು ಇಟ್ಟವರುಂಟು. ನಾಲೆ ಅವರ ಹೊಲಕ್ಕೆ ಬರಲಿಲ್ಲ, ಅವರೇ ನಾಲೆಯ ಸುತ್ತ ಎದ್ದ ಹೊಸ ಪ್ರಪಂಚಕ್ಕೆ ಹೋದರು. ಹೀಗೆ ಊರಿನಿಂದ ಹೊರಗೆ ಕಾಲಿಟ್ಟ ಒಕ್ಕಲಿಗನಿಗೆ ಊರೊಳಗಿನ ಹಳೆಮಗ ಬೇಡವಾದ. ಒಣ ಹೊಲದಲ್ಲಿ ಅವನಿಗೆ ಕೊಡುವಷ್ಟು ಕೆಲಸವೂ ಇಲ್ಲ. ಕಣದ ಪಾಲು ನಿಂತಿತು, ಮದುವೆ ಸಾವಿನ ಕಟ್ಟಳೆಗಳೂ ಸವೆದವು. ಸಮಾಜಶಾಸ್ತ್ರದ ಮಾತಿನಲ್ಲಿ ಇದು ದೊಡ್ಡ ಪರಿವರ್ತನೆಯೇ ಸರಿ. ಹುಟ್ಟಿನಿಂದ ಬಂದ ಸಂಬಂಧದ ಜಾಗದಲ್ಲಿ ರೊಕ್ಕದ ಸಂಬಂಧ ಬಂತು.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಬಿಡುಗಡೆಯ ಕಥೆಯಾಗಿ ಓದಲು ಹಿತವಾಗಿರುತ್ತದೆ. ಆದರೆ ದಾಲೇನದಲ್ಲಿ ಬಿಡುಗಡೆ ಹೊಂದಿದವನು ಮುಖ್ಯವಾಗಿ ಒಡೆಯ. ಕೊಡಬೇಕಾದ ಹತ್ತು ಖಂಡುಗದಿಂದ ಅವನು ಬಿಡುಗಡೆ ಹೊಂದಿದ. ಆದಿಕರ್ನಾಟಕನಿಗೆ ಸಿಕ್ಕ ಬಿಡುಗಡೆಯೊಳಗೆ ಹಸಿವಿನ ಸ್ವಾತಂತ್ರ್ಯವೂ ಸೇರಿತ್ತು. ಗಾಡಿ ಕೊಳ್ಳಲು, ಗಿರಣಿ ಹಾಕಲು, ತರಿ ಜಮೀನು ಹಿಡಿಯಲು ಬಂಡವಾಳ ಬೇಕು. ಸರ್ಕಾರದ ಚಾಕರಿಗೆ ಅಕ್ಷರವೋ ಶಿಫಾರಸೋ ಬೇಕು. ಅವನ ಬಳಿ ಇದ್ದದ್ದು ರಟ್ಟೆ. ಅದನ್ನು ಹೊತ್ತುಕೊಂಡು ಅವನು ದಿನಗೂಲಿ ಸಿಕ್ಕಿದ ಕಡೆಗೆ ನಡೆದ.

ಎಪ್‌ಸ್ಟೈನ್ 1970ರಲ್ಲಿ ಮತ್ತೆ ಬಂದರು. ತಾನು ಬರೆದದ್ದು ನಿಜವಾಯಿತೇ ಎಂದು ಹದಿನೈದು ವರ್ಷದ ಮೇಲೆ ಅದೇ ಮನೆಗಳ ಬಾಗಿಲಿಗೆ ಹೋಗಿ ಕೇಳುವ ವಿದ್ವಾಂಸರು ವಿರಳ. 1973ರಲ್ಲಿ ಬಂದ ಅವರ ಎರಡನೆಯ ಪುಸ್ತಕ ಮೊದಲನೆಯದಕ್ಕಿಂತ ಕಹಿಯಾದದ್ದು. ಎರಡೂ ಊರುಗಳಲ್ಲಿ ಜನ ಹೆಚ್ಚಿದ್ದರು. ಉಳ್ಳವರ ಮನೆಗಳು ದೊಡ್ಡವಾಗಿದ್ದವು. ಇಲ್ಲದವರ ಸ್ಥಿತಿ ಹಿಂದಿಗಿಂತ ಕೆಟ್ಟಿತ್ತು. ವಂಗಲದಲ್ಲಿಯೂ ಹಳೆಮಗತನ ಕರಗತೊಡಗಿತ್ತು. ಅದನ್ನು ಕರಗಿಸಿದ್ದು ಆಳಿನ ಬಂಡಾಯವಲ್ಲ, ಒಡೆಯನ ಲೆಕ್ಕಾಚಾರ. ಮಳೆಯನ್ನು ನೆಚ್ಚಿದ ಕಾಲದಲ್ಲಿ ಸುಗ್ಗಿಯ ವೇಳೆಗೆ ಆಳು ತಪ್ಪದೆ ಸಿಕ್ಕಲೆಂದು ವರ್ಷವಿಡೀ ಅವನನ್ನು ಸಾಕಬೇಕಾಗಿತ್ತು. ಜನ ಹೆಚ್ಚಿ, ಬೇಕೆಂದಾಗ ಕೂಲಿ ಸಿಕ್ಕುವಂತಾದ ಮೇಲೆ ಸಾಕುವುದೇಕೆ? ಹೀಗೆ ಎರಡೂ ಊರುಗಳ ಬಡವರು ಬೇರೆ ಬೇರೆ ದಾರಿಯಿಂದ ನಡೆದು ಒಂದೇ ಕಡೆಗೆ ಬಂದು ನಿಂತರು.

ಇನ್ನೊಂದು ಬದಲಾವಣೆಯನ್ನೂ ಅವರು ಗುರುತಿಸಿದರು. ಹಿಂದೆ ಒಕ್ಕಲಿಗರಲ್ಲಿ ಗಂಡಿನ ಕಡೆಯವರು ಹೆಣ್ಣಿಗೆ ತೆರ ಕೊಟ್ಟು ಮದುವೆ ಮಾಡಿಕೊಳ್ಳುತ್ತಿದ್ದರು. ಬೆದ್ದಲಿನ ಬೇಸಾಯದಲ್ಲಿ ಹೆಣ್ಣಿನ ಕೈ ದೊಡ್ಡ ಆಸ್ತಿ, ಅದನ್ನು ಕಳೆದುಕೊಳ್ಳುವ ಮನೆಗೆ ತೆರ ಸಲ್ಲಬೇಕು. ಐಶ್ವರ್ಯ ಬಂದು, ಹೆಂಗಸರನ್ನು ಹೊಲಕ್ಕೆ ಕಳುಹಿಸದಿರುವುದೇ ಗೌರವವೆಂದಾದ ಮೇಲೆ ತೆರ ಹೋಗಿ ವರದಕ್ಷಿಣೆ ಬಂತು. ಮನೆಯ ಆದಾಯ ಏರಿತು, ಆ ಮನೆಯೊಳಗೇ ಮಗಳ ಬೆಲೆ ಇಳಿಯಿತು. ಜಿಲ್ಲೆಯ ತಲಾ ಆದಾಯದ ಪಟ್ಟಿಯಲ್ಲಿ ಇದು ಏರಿಕೆಯಾಗಿ ಮಾತ್ರ ಕಾಣುತ್ತದೆ.

ಕುಜ್ನೆಟ್ಸರ ಊಹೆಯ ಗತಿ ಏನಾಯಿತೆಂದು ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅವರ ಕಣ್ಣಮುಂದೆ ಅಂತರ ಕುಗ್ಗಿದ್ದ ಶ್ರೀಮಂತ ದೇಶಗಳಲ್ಲಿಯೇ 1980ರ ಈಚೆಗೆ ಅದು ಮತ್ತೆ ಹಿಗ್ಗತೊಡಗಿತು. ಫ್ರಾನ್ಸಿನ ಥಾಮಸ್ ಪಿಕೆಟ್ಟಿ 2013ರಲ್ಲಿ ಪ್ರಕಟಿಸಿದ ದಪ್ಪ ಪುಸ್ತಕ ತೆರಿಗೆಯ ಹಳೆಯ ಕಡತಗಳನ್ನು ಜಾಲಾಡಿ ಇದನ್ನು ತೋರಿಸಿತು. ನಡುವೆ ಅಂತರ ಕುಗ್ಗಿದ್ದುದಕ್ಕೆ ಎರಡು ಮಹಾಯುದ್ಧಗಳು, ತೆರಿಗೆ, ಕಾನೂನುಗಳು ಕಾರಣವೇ ಹೊರತು ಬೆಳವಣಿಗೆ ತಾನಾಗಿ ಮಾಡಿದ ಕೆಲಸವಲ್ಲವೆಂಬುದು ಆತನ ವಾದ. ವಂಗಲವನ್ನು ಓದಿದವನಿಗೆ ಇದು ತೀರ ಆಶ್ಚರ್ಯದ ಮಾತಾಗಿರಲಾರದು.

ಎಪ್‌ಸ್ಟೈನ್ ಈ ಊರುಗಳನ್ನು ಕೊನೆಯವರೆಗೂ ಬಿಡಲಿಲ್ಲ. ನಮ್ಮವರೇ ಆದ ಎ.ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ ಇವರೊಡನೆ ಸೇರಿ ಬರೆದ ಮೂರನೆಯ ಪುಸ್ತಕ, ನಲವತ್ತು ವರ್ಷಗಳ ಬದಲಾವಣೆಯನ್ನು ಹಿಡಿದದ್ದು, 1998ರಲ್ಲಿ ಬಂತು. 2014ರಲ್ಲಿ ಅವರು ತೀರಿಕೊಂಡರು. ನಮ್ಮ ಎರಡು ಹಳ್ಳಿಗಳ ಕಣದ ಲೆಕ್ಕ ಪ್ರಪಂಚದ ವಿಶ್ವವಿದ್ಯಾಲಯಗಳಲ್ಲೆಲ್ಲ ಪಾಠವಾಗಿದೆ. ಮಂಡ್ಯದ ಯಾವ ಸರ್ಕಲ್ಲಿನಲ್ಲಿಯೂ ಆ ಹೆಂಗಸಿನ ಹೆಸರು ನನ್ನ ಕಣ್ಣಿಗೆ ಬಿದ್ದಿಲ್ಲ. ಕೋಲ್ಮನ್ ಸಾಹೇಬರನ್ನು ಊರು ಮರೆತಿಲ್ಲ, ಅದು ಯೋಗ್ಯವೇ. ಬೆಳೆಯನ್ನು ತಂದವರನ್ನು ನೆನೆಯುವುದು ಸುಲಭ, ಬೆಳೆ ಹೇಗೆ ಹಂಚಿಹೋಯಿತೆಂದು ಬರೆದಿಟ್ಟವರನ್ನು ನೆನೆಯುವುದು ಅಷ್ಟು ಹಿತದ ಕೆಲಸವಲ್ಲ.

ಕೆಟ್ಟ ವರ್ಷದ ಹೊಣೆ ಯಾರದು ಎಂಬ ಪ್ರಶ್ನೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಒಡೆಯ ಕೈಬಿಟ್ಟ ಆ ಹೊಣೆಯನ್ನು ಕಾನೂನಿನ ಮೂಲಕ ಸರ್ಕಾರ ಹೊರುವ ಯತ್ನ ಮೊದಲು ಮಹಾರಾಷ್ಟ್ರದಲ್ಲಿ ನಡೆಯಿತು. 1972ರ ಭೀಕರ ಬರದ ಅನುಭವದ ಮೇಲೆ ಅಲ್ಲಿ 1977ರಲ್ಲಿ ಉದ್ಯೋಗ ಖಾತ್ರಿಯ ಕಾಯಿದೆಯಾಯಿತು. 2005ರಲ್ಲಿ ಸಂಸತ್ತು ಇಡೀ ದೇಶದ ಹಳ್ಳಿಗಳಿಗೆ, ಮನೆಗೆ ವರ್ಷಕ್ಕೆ ನೂರು ದಿನದ ಕೆಲಸದ ಖಾತ್ರಿಯನ್ನು ಶಾಸನವಾಗಿಸಿತು. ಹಳೆಮಗನ ಹತ್ತು ಖಂಡುಗಕ್ಕೂ ಈ ನೂರು ದಿನಕ್ಕೂ ಇರುವ ವ್ಯತ್ಯಾಸವನ್ನು ಯಾರಾದರೂ ಕಾಣಬಲ್ಲರು: ಇಲ್ಲಿ ಅರ್ಜಿ ಕೊಡಬಹುದಾಗಿತ್ತು, ಕೂಲಿ ತಡವಾದರೆ ಪ್ರಶ್ನಿಸಬಹುದಾಗಿತ್ತು, ಒಡೆಯನ ಮನೆಯ ಸಾವಿಗೆ ಹೋಗಿ ಸೌದೆ ಹೊರಬೇಕಾಗಿರಲಿಲ್ಲ. ಕೂಲಿ ತಡವಾಗುತ್ತಿದ್ದುದೂ ಉಂಟು, ಆ ದೂರುಗಳು ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದವು.

ಮಂಡ್ಯದ ಗದ್ದೆಗಳಲ್ಲಿ ಕಬ್ಬು ಕಡಿಯಲು ಬಳ್ಳಾರಿಯ ಕಡೆಯಿಂದ ಗುಂಪುಗಳು ಬರತೊಡಗಿ ಬಹಳ ಕಾಲವಾಯಿತು. ಹೆಂಡತಿ ಮಕ್ಕಳೊಡನೆ ಬಂದು, ಗದ್ದೆಯ ಬದಿಯಲ್ಲಿ ಗುಡಿಸ್ಲು ಹಾಕಿಕೊಂಡು, ಟನ್ನಿನ ಲೆಕ್ಕದಲ್ಲಿ ಕೂಲಿ ಪಡೆಯುವ ಜನ. ಊರಿನ ಯಾರ ಮನೆಗೂ ಅವರು ಹಳೆಮಕ್ಕಳಲ್ಲ, ಅಲ್ಲಿನ ಜಗಳಗಳಲ್ಲಿ ಅವರ ಹೆಸರು ಬರುವುದಿಲ್ಲ, ಅವರು ನಾಟಕವಾಡಿದರೆ ತಡೆಯುವವರೂ ಇಲ್ಲ. ಕಟ್ಟೆ ತುಂಬದ ವರ್ಷ ನಾಲೆಗೆ ನೀರು ಬಿಡುವುದಿಲ್ಲ, ಕಬ್ಬು ಒಣಗುತ್ತದೆ. ಆಗ ಮಂಡ್ಯದ ರೈತ ಹೆದ್ದಾರಿಯಲ್ಲಿ ಕುಳಿತು ಪರಿಹಾರ ಕೇಳುತ್ತಾನೆ, ಅದು ಪತ್ರಿಕೆಯ ಮೊದಲ ಪುಟದಲ್ಲಿ ಬರುತ್ತದೆ. ಆ ವರ್ಷ ಬಳ್ಳಾರಿಯಿಂದ ಲಾರಿ ಹೊರಡುವುದೇ ಇಲ್ಲ.